ರಿಪೋರ್ಟ್ ಬರುವ ತನಕ ತಾಯಿಯ ಪಕ್ಕದಲ್ಲಿ

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸ್ತುತಿ, ಪ್ರವಾದಿವರ್ಯರ(ಸ) ಮೇಲೆ ಸ್ವಲಾತ್ ಮತ್ತು ಸಲಾಮ್.

ಸತ್ಯವಿಶ್ವಾಸಿಗಳೇ, ತಖ್ವಾ ಪಾಲಿಸಬೇಕೆಂದು ಮೊದಲು ನನ್ನ ಮನಸ್ಸಿಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಇಂದು ಮಿಂಬರ್‌ನಿಂದ ಹೆಚ್ಚಾಗಿ ಕೇಳಿಬರದ ಒಂದು ವಿಷಯವನ್ನು ಹೇಳಲಿದ್ದೇನೆ: ಸ್ತನ ಕ್ಯಾನ್ಸರ್. ಇದು ಹೆಂಗಸರ ವಿಷಯ, ಮಸೀದಿಯಲ್ಲಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ನಮ್ಮ ದೇಶದಲ್ಲಿ ಮಹಿಳೆಯರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್ ಇದೇ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವರು, ಹಣ ಹೊಂದಿಸಬೇಕಾದವರು, ಧೈರ್ಯ ಹೇಳಬೇಕಾದವರು ಈ ಸಫ್‌ಗಳಲ್ಲೇ ಕುಳಿತಿದ್ದಾರೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಸೂರಾ ಲುಕ್ಮಾನ್‌ನ 14ನೇ ಸೂಕ್ತದಲ್ಲಿ ಅಲ್ಲಾಹನು ತಾಯಿಯ ಋಣವನ್ನು ನೆನಪಿಸುವಾಗ ಎರಡು ಸಂಗತಿಗಳನ್ನು ಎತ್ತಿ ಹೇಳುತ್ತಾನೆ. ಬಳಲಿಕೆಯ ಮೇಲೆ ಬಳಲಿಕೆ ಸಹಿಸಿ ಅವಳು ಹೊತ್ತದ್ದು ಒಂದು; ಎರಡು ವರ್ಷಗಳ ಹಾಲುಣಿಸುವಿಕೆ ಇನ್ನೊಂದು. ನಮ್ಮನ್ನು ಬದುಕಿಸಿದ ಆ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಾಗ, ಅದನ್ನು ಹೇಳಲು ಅವಳು ನಮಗೇ ನಾಚಬೇಕಾದ ಪರಿಸ್ಥಿತಿ ಇದ್ದರೆ ಕೊರತೆ ಇರುವುದು ಯಾರಲ್ಲಿ?

ನನ್ನ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಉಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಸ್ನಾನ ಮಾಡುವಾಗ ಅವರ ಕೈಗೆ ಗಂಟು ಸಿಕ್ಕಿತ್ತು. ನೋವಿರಲಿಲ್ಲ. ಆಗ ನನ್ನ ತಂಗಿಯ ಮದುವೆಯ ಮಾತುಕತೆ ನಡೆಯುತ್ತಿತ್ತು. ತಾಯಿಗೆ ಇಂಥ ಕಾಯಿಲೆ ಎಂದು ಗೊತ್ತಾದರೆ ಹುಡುಗಿಯ ಸಂಬಂಧ ತಪ್ಪಿ ಹೋದೀತು ಎಂದು ಅವರು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದ್ದು ನನಗಲ್ಲ, ನನ್ನ ಹೆಂಡತಿಗೆ. ಪ್ರತಿ ಶುಕ್ರವಾರ ತಾಯಿಯ ಹಕ್ಕಿನ ಬಗ್ಗೆ ಮಾತನಾಡಬಲ್ಲ ನನಗೆ ನನ್ನ ತಾಯಿ ತನ್ನ ಭಯವನ್ನು ಹೇಳಲಾಗಲಿಲ್ಲ.

ಮರುದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಕೈಯಿಂದ ಪರೀಕ್ಷಿಸಿದರು, ಮ್ಯಾಮೊಗ್ರಾಂ ಮತ್ತು ಸ್ಕ್ಯಾನಿಂಗ್ ಆಯಿತು. ನಂತರ ಸೂಜಿಯಿಂದ ಗಂಟಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟಿಗೆ ಹತ್ತು ದಿನ ಕಾಯಿರಿ ಎಂದರು.

ಸಹೋದರರೇ, ಆ ಹತ್ತು ದಿನಗಳ ಬಗ್ಗೆಯೇ ನಾನು ಇಂದು ಮುಖ್ಯವಾಗಿ ಹೇಳಬೇಕಾಗಿರುವುದು. ಕಾಯಿಲೆ ಖಚಿತವಾದ ಮೇಲೆ ನೆಂಟರಿಷ್ಟರು ಬರುತ್ತಾರೆ, ಹಣ್ಣು ತರುತ್ತಾರೆ, ದುಆ ಮಾಡುತ್ತಾರೆ. ರಿಪೋರ್ಟ್ ಬರುವ ಮೊದಲಿನ ದಿನಗಳಲ್ಲಿ ತಾಯಿ ಒಂಟಿ. ಹಗಲು ಅಡಿಗೆ ಮಾಡುತ್ತಾಳೆ, ರಾತ್ರಿ ನಿದ್ದೆ ಬಾರದೆ ಸೀಲಿಂಗ್ ನೋಡುತ್ತಾಳೆ.

ನಾನು ಏನು ಮಾಡಿದೆ ಗೊತ್ತೇ? ಎರಡನೆಯ ರಾತ್ರಿ ಅವರ ಕೋಣೆಗೆ ಹೋಗಿ ಸಬ್ರ್ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅಯ್ಯೂಬ್(ಅ)ರ ಚರಿತ್ರೆ ಹೇಳಿದೆ. ಉಮ್ಮ ಎಲ್ಲ ಕೇಳಿ, "ಮೋನೇ, ಮಿಂಬರ್ ಮೇಲೆ ಮಾತಾಡಿದ ಹಾಗೆ ನನ್ನ ಹತ್ತಿರ ಮಾತಾಡಬೇಡ. ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋ" ಎಂದರು. ಕುಳಿತೆ. ಆಮೇಲೆ ಅವರೇ ಮಾತಾಡಿದರು. ಆಪರೇಷನ್ ಎಂದರೆ ಏನು ತೆಗೆಯುತ್ತಾರೆ, ಕೂದಲು ಉದುರಿದರೆ ಮದುವೆ ಮನೆಯಲ್ಲಿ ಹೇಗೆ ಕೂರುವುದು, ತಾನು ಮಲಗಿದರೆ ಬಾಪನ ಮಾತ್ರೆಗಳನ್ನು ಯಾರು ನೋಡುತ್ತಾರೆ. ನಾಲ್ಕು ತಿಂಗಳು ಒಳಗಿಟ್ಟುಕೊಂಡಿದ್ದ ಮಾತುಗಳು ಅವು.

ಸೂರಾ ಬನೀ ಇಸ್ರಾಈಲ್‌ನ 23 ಮತ್ತು 24ನೇ ಸೂಕ್ತಗಳು ಮುಪ್ಪಿನ ತಂದೆತಾಯಿಯರ ಮುಂದೆ ಬೇಸರದ ಒಂದು ಉದ್ಗಾರವನ್ನೂ ಎತ್ತಬಾರದೆಂದು, ಕರುಣೆಯಿಂದ ರೆಕ್ಕೆ ತಗ್ಗಿಸಬೇಕೆಂದು ಕಲಿಸುತ್ತವೆ. ರೆಕ್ಕೆ ತಗ್ಗಿಸುವುದೆಂದರೆ ಉಪದೇಶಿಸುವುದಲ್ಲ, ಪಕ್ಕದಲ್ಲಿ ಬಾಗುವುದು ಎಂದು ಆ ರಾತ್ರಿ ನನಗೆ ತಿಳಿಯಿತು.

ಇನ್ನು ಲಜ್ಜೆಯ ಮಾತು. ಲಜ್ಜೆ ಈಮಾನಿನ ಭಾಗ, ಸಂಶಯವಿಲ್ಲ. ಆದರೆ ಅದೇ ಲಜ್ಜೆಯ ಹೆಸರಿನಲ್ಲಿ ಚಿಕಿತ್ಸೆ ತಡಮಾಡುವುದು ದೀನ್ ಅಲ್ಲ. ಉಮ್ಮು ಸುಲೈಮ್(ರ) ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದು, ಸತ್ಯದ ವಿಷಯದಲ್ಲಿ ಅಲ್ಲಾಹನು ಸಂಕೋಚಪಡುವುದಿಲ್ಲ ಎಂದು ಹೇಳಿ, ಹೆಣ್ಣಿನ ಸ್ನಾನದ ಕುರಿತು ನೇರವಾಗಿ ಕೇಳಿದರು. ಅನ್ಸಾರೀ ಮಹಿಳೆಯರಿಗೆ ದೀನ್ ಕಲಿಯಲು ನಾಚಿಕೆ ಅಡ್ಡಿಯಾಗಲಿಲ್ಲವೆಂದು ಆಯಿಶಾ(ರ) ಮೆಚ್ಚಿ ನುಡಿದರು. ಯುದ್ಧಭೂಮಿಯಲ್ಲಿ ರುಬಯ್ಯಿಅ್ ಬಿನ್ತ್ ಮುಅವ್ವಿದ್(ರ)ರಂತಹ ಸಹಾಬಿ ಮಹಿಳೆಯರು ಗಾಯಗೊಂಡ ಪುರುಷರನ್ನು ಉಪಚರಿಸಿದ್ದರು. ಲೇಡಿ ಡಾಕ್ಟರ್ ಬೇಕೆಂದು ಕೇಳಿರಿ, ಅದು ಉಮ್ಮನ ಹಕ್ಕು. ಸಿಗದಿದ್ದರೆ, ಅನಿವಾರ್ಯವಾದಾಗ ಪುರುಷ ಡಾಕ್ಟರಿಗೆ ತೋರಿಸಲು ಶರೀಅತ್ ಅವಕಾಶ ಕೊಟ್ಟಿದೆ. ಮಗಳನ್ನೋ ಸೊಸೆಯನ್ನೋ ಜೊತೆಗೆ ಒಳಗೆ ಕಳಿಸಿರಿ.

ನಮ್ಮ ಮನೆಗಳಲ್ಲಿ ಓಡಾಡುವ ಕೆಲವು ತಪ್ಪು ಮಾತುಗಳಿವೆ. "ನೋವಿಲ್ಲವಲ್ಲ, ಏನಿಲ್ಲ ಬಿಡಿ" ಎನ್ನುತ್ತಾರೆ. ಈ ಕಾಯಿಲೆಯ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. "ಸೂಜಿ ಚುಚ್ಚಿದರೆ ಹರಡುತ್ತದೆ" ಎನ್ನುತ್ತಾರೆ. ಬಯಾಪ್ಸಿಯಿಂದ ಕಾಯಿಲೆ ಹರಡುತ್ತದೆ ಎಂದು ಹೆದರಬೇಕಾಗಿಲ್ಲ. ಅದಿಲ್ಲದೆ ಸರಿಯಾದ ಚಿಕಿತ್ಸೆ ನಿರ್ಧರಿಸಲಾಗುವುದಿಲ್ಲ. "ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ" ಎನ್ನುತ್ತಾರೆ. ಈ ಕಾಯಿಲೆ ಬಂದ ಹೆಚ್ಚಿನವರ ಕುಟುಂಬದಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಇನ್ನು ಕೆಲವರು ಗಂಟು ಎಂದ ಕೂಡಲೇ ಕ್ಯಾನ್ಸರ್ ಎಂದೇ ತೀರ್ಮಾನಿಸಿ ಅಳುತ್ತಾರೆ. ಅದೂ ಸರಿಯಲ್ಲ. ಎದೆಯಲ್ಲಿ ಕಾಣಿಸಿಕೊಳ್ಳುವ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಪರೀಕ್ಷೆಯಷ್ಟೇ ಹೇಳಬಲ್ಲುದು. ಹೊಸ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಒಳಸರಿಯುವುದು, ರಕ್ತ ಒಸರುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದನ್ನು ಕಂಡರೂ ಮದುವೆ, ರಮಝಾನ್, ಹಬ್ಬ ಎಂದು ಮುಂದೂಡಬೇಡಿ.

ಊದಿಸಿದ ನೀರು, ಕುರ್‌ಆನ್ ಪಾರಾಯಣ, ದುಆ ಎಲ್ಲವೂ ಇರಲಿ. ಆದರೆ ಅವು ಆಸ್ಪತ್ರೆಯ ಬದಲಿಗೆ ಅಲ್ಲ, ಆಸ್ಪತ್ರೆಯ ಜೊತೆಗೆ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರು ಪ್ರವಾದಿವರ್ಯರೇ(ಸ). ಒಂಟೆಯನ್ನು ಕಟ್ಟಿದ ಬಳಿಕವೇ ತವಕ್ಕುಲ್ ಎಂದು ಕಲಿಸಿದವರೂ ಅವರೇ.

ಮಕ್ಕಳು ಮಾಡಬೇಕಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಡಾಕ್ಟರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಉಮ್ಮನ ಜೊತೆ ಕುಳಿತು ಒಂದು ಕಾಗದದಲ್ಲಿ ಬರೆಯಿರಿ. ಆಸ್ಪತ್ರೆಯ ಎಲ್ಲ ಕಾಗದಗಳನ್ನು ಒಂದೇ ಫೈಲಿನಲ್ಲಿಡಿ. ರಿಪೋರ್ಟನ್ನು ಅವರಿಂದ ಬಚ್ಚಿಟ್ಟು ವರಾಂಡದಲ್ಲಿ ಪಿಸುಗುಟ್ಟಬೇಡಿ. ದೇಹ ಅವರದು, ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳಿ. ಖರ್ಚಿನ ಲೆಕ್ಕವನ್ನು ಅಣ್ಣತಮ್ಮಂದಿರು ಅವರಿಗೆ ಕೇಳಿಸುವಂತೆ ಮಾತಾಡಬೇಡಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರಕಾರದ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಕಾಗದಪತ್ರದ ಓಡಾಟವನ್ನು ಜಮಾಅತಿನ ಯುವಕರು ವಹಿಸಿಕೊಳ್ಳಲಿ.

ಗಲ್ಫಿನಲ್ಲಿರುವ ಮಕ್ಕಳಿಗೂ ಈ ಮಾತು ತಲುಪಿಸಿ. ಹಣ ಕಳಿಸುವುದು ದೊಡ್ಡ ಸಹಾಯ. ಆದರೆ ಇಶಾ ಬಳಿಕದ ಆ ಉದ್ದದ ರಾತ್ರಿಗಳಲ್ಲಿ ಒಂದು ವಿಡಿಯೋ ಕಾಲ್ ಮಾಡಿ, "ಉಮ್ಮ, ಇವತ್ತು ಏನು ಊಟ ಮಾಡಿದಿರಿ?" ಎಂದು ಕೇಳುವುದು ಹಣದಿಂದ ಆಗುವ ಕೆಲಸವಲ್ಲ.

ನೆನಪಿರಲಿ, ಬದ್ರ್‌ಗೆ ಸೇನೆ ಹೊರಟಾಗ ಉಸ್ಮಾನ್(ರ) ಮದೀನಾದಲ್ಲೇ ಉಳಿದರು. ಪ್ರವಾದಿವರ್ಯರ(ಸ) ಪುತ್ರಿಯಾದ ಅವರ ಪತ್ನಿ ರುಖಿಯ್ಯಾ(ರ) ಕಾಯಿಲೆಯಿಂದ ಮಲಗಿದ್ದರು. ಅವರ ಆರೈಕೆಗೆ ಉಳಿದ ಉಸ್ಮಾನ್(ರ)ರಿಗೆ ಬದ್ರ್‌ನಲ್ಲಿ ಪಾಲ್ಗೊಂಡವರ ಪ್ರತಿಫಲವೂ ಪಾಲೂ ಇದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ವಿಜಯದ ಸುದ್ದಿ ಮದೀನಾ ತಲುಪುವಾಗ ರುಖಿಯ್ಯಾ(ರ) ತೀರಿಕೊಂಡಿದ್ದರು. ಆರೈಕೆಯ ಪ್ರತಿಫಲ ರೋಗಿ ಗುಣವಾದರೆ ಮಾತ್ರ ಎಂದಿಲ್ಲ. ಗುಣಪಡಿಸುವವನು ಅಲ್ಲಾಹ್, ಹಾಸಿಗೆಯ ಪಕ್ಕ ಇರುವುದು ನಮ್ಮ ಕೆಲಸ.

ನನ್ನ ಉಮ್ಮನ ರಿಪೋರ್ಟ್ ಕ್ಯಾನ್ಸರ್ ಎಂದೇ ಬಂತು. ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಆಯಿತು. ಈಗ ದಿನಕ್ಕೊಂದು ಮಾತ್ರೆ, ಆಗಾಗ ಚೆಕಪ್. ತಂಗಿಯ ಮದುವೆಯಲ್ಲಿ ತಲೆಗೆ ಸ್ಕಾರ್ಫ್ ಬಿಗಿದು ಮುಂದೆಯೇ ಕೂತಿದ್ದರು, ಅಲ್‌ಹಮ್ದುಲಿಲ್ಲಾಹ್. ಆ ನಾಲ್ಕು ತಿಂಗಳುಗಳನ್ನು ಮಾತ್ರ ನಾನು ಈಗಲೂ ಎಣಿಸುತ್ತೇನೆ.

ಇಂದು ನಮಾಝ್ ಮುಗಿಸಿ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಹೆಂಡತಿಗೋ ಸಹೋದರಿಗೋ ಹೇಳಿ, ಅವರು ಉಮ್ಮನಲ್ಲಿ ಒಂದು ಮಾತು ಕೇಳಲಿ. 30 ದಾಟಿದ ಮಹಿಳೆಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲೂ ಎದೆಯ ತಪಾಸಣೆಯ ವ್ಯವಸ್ಥೆ ಇದೆ. ಬಳಿಕ ನೀವು ಉಮ್ಮನ ಹತ್ತಿರ ಕುಳಿತುಕೊಳ್ಳಿ. ಏನನ್ನೂ ಹೇಳಬೇಡಿ, ಅವರು ಹೇಳುವುದನ್ನು ಕೇಳಿ.

ಅಲ್ಲಾಹನೇ, ನಮ್ಮ ತಾಯಂದಿರಿಗೆ ಆರೋಗ್ಯ ಕೊಡು. ಕಾಯಿಲೆಯಲ್ಲಿರುವವರಿಗೆ ಶಿಫಾ ಕರುಣಿಸು. ರಿಪೋರ್ಟಿಗಾಗಿ ಕಾಯುತ್ತಿರುವವರ ಹೃದಯಕ್ಕೆ ನೆಮ್ಮದಿ ಕೊಡು. ಅವರ ಭಯವನ್ನು ಕೇಳಿಸಿಕೊಳ್ಳುವ ಕಿವಿಯನ್ನು ನಮಗೆ ದಯಪಾಲಿಸು. ಆಮೀನ್.