ಮೊದಲು ಬರೆದುಕೊಳ್ಳಿ, ಆಮೇಲೆ ಕೆಲಸ ಶುರು ಮಾಡಿ

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಹಳೆಯ ಫಲಾನುಭವಿಯೊಬ್ಬರು ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ಹಿಂದಿನ ಸಾಲಿನಲ್ಲಿ ಅಬ್ಬನ ಪಕ್ಕ ಕೂತಿದ್ದೆ. ಅಬ್ಬ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದರು. ಈ ವೇತನದಿಂದ ಇಂಜಿನಿಯರಿಂಗ್ ಮುಗಿಸಿ, ಈಗ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಯಾವ ಕಂಪನಿಯ ನೌಕರನೂ ಅಲ್ಲ. ಇದನ್ನು ಫ್ರೀಲ್ಯಾನ್ಸ್ ಎನ್ನುತ್ತಾರೆ. ಬಂಧುಗಳು ಇವತ್ತಿಗೂ ಕೇಳುತ್ತಾರೆ: "ಕೆಲಸ ಸಿಕ್ತೇನಪ್ಪಾ?"

ನನ್ನ ಮೊದಲ ದೊಡ್ಡ ಕೆಲಸದ ಕಥೆ ಹೇಳುತ್ತೇನೆ. ಪರಿಚಯದವರೊಬ್ಬರ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್. ನಲವತ್ತು ಸಾವಿರ ಎಂದು ಫೋನಿನಲ್ಲಿ ಮಾತಾಯಿತು. "ಇದೊಂದು ಸೇರಿಸು, ಅದೊಂದು ಬದಲಿಸು" ಎನ್ನುತ್ತಾ ಮೂರು ತಿಂಗಳು ಕಳೆಯಿತು. ಕೈಗೆ ಬಂದದ್ದು ಐದು ಸಾವಿರ. ಅಬ್ಬನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಬರೆದುಕೊಂಡಿದ್ದೆಯಾ? ಬಾಡಿಗೆ ಮಾತಾಡದೆ ಲೋಡ್ ಹಾಕಿಸಿಕೊಳ್ಳುವ ಡ್ರೈವರ್ ಎಲ್ಲಾದರೂ ಇದ್ದಾನಾ?"

ಅಬ್ಬ ಓದಿದ್ದು ಏಳನೇ ತರಗತಿ. ಆದರೂ ಲೋಡ್ ಎಷ್ಟು, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬುದು ಅವರ ಜೇಬಿನ ಚೀಟಿಯಲ್ಲಿ ಇರುತ್ತಿತ್ತು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಲೋಡ್ ಕೊಡುವವರು ತಡ ಮಾಡಿ ಗೇಟ್ ಮುಚ್ಚಿದರೆ ನಷ್ಟ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇದೆ. ಅದನ್ನು ನಾನು ಮದರಸಾದಲ್ಲಿ ಓದಿದ್ದೆ, ವ್ಯವಹಾರದಲ್ಲಿ ಮರೆತಿದ್ದೆ.

ಆದ್ದರಿಂದ ವಿದ್ಯಾರ್ಥಿಗಳೇ, ನಾಲ್ಕು ಮಾತು ನೆನಪಿಡಿ.

ಒಂದು, ಕೆಲಸಕ್ಕೆ ಮೊದಲು ಒಂದು ಪುಟ ಬರೆಯಿರಿ. ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಷ್ಟು ಹಣ, ಯಾವ ದಿನ, ಎಷ್ಟು ಸಲ ತಿದ್ದುಪಡಿ. ಮೂರನೇ ಒಂದು ಭಾಗ ಅಡ್ವಾನ್ಸ್ ಬಾರದೆ ಕಂಪ್ಯೂಟರ್ ತೆರೆಯಬೇಡಿ. ನಮ್ಮ ದೇಶದ ಕಾನೂನಿನಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಸ್ವತಂತ್ರವಾಗಿ ಬರೆದ ಪ್ರೋಗ್ರಾಮಿನ ಹಕ್ಕು ಸಾಮಾನ್ಯವಾಗಿ ಬರೆದವರದೇ. "ಪೂರ್ತಿ ಹಣ ಬಂದ ಮೇಲೆ ಹಕ್ಕು ನಿಮ್ಮದು" ಎಂಬ ಸಾಲನ್ನೂ ಆ ಪುಟದಲ್ಲಿ ಸೇರಿಸಿ.

ಎರಡು, ಉದ್ಯಮ್ ನೋಂದಣಿ ಮಾಡಿಸಿ. ಆಧಾರ್ ಮತ್ತು ಪಾನ್ ಸಾಕು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಏಜೆಂಟರಿಗೆ ಹಣ ಕೊಡಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ, ಕೆಲಸ ಒಪ್ಪಿಕೊಂಡವರು 45 ದಿನದೊಳಗೆ ಹಣ ಕೊಡಲೇಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆ ಬಡ್ಡಿ ನಮಗೆ ಬೇಡ, ದುಡಿದ ಹಣ ಬಂದರೆ ಸಾಕು. ಆದರೆ ಆ ಕಾಯ್ದೆಯ ಹೆಸರು ಹೇಳಿ ಒಂದು ಪತ್ರ ಬರೆದರೆ ಎಷ್ಟೋ ಬಿಲ್ಲುಗಳು ಅಲುಗಾಡುತ್ತವೆ. ನೋಂದಣಿ ಮಾತ್ರ ಕೆಲಸಕ್ಕೆ ಮೊದಲೇ ಆಗಿರಲಿ.

ಮೂರು, ಲೆಕ್ಕ ಇಡಿ. ಹಣವೆಲ್ಲ ಬ್ಯಾಂಕಿನ ಮೂಲಕ ಬರಲಿ. ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕಿನ ಪತ್ರ ತೆಗೆದಿಟ್ಟುಕೊಳ್ಳಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಆದಾಯ ತೆರಿಗೆ ರಿಟರ್ನ್ ಪ್ರತಿ ವರ್ಷ ಸಲ್ಲಿಸಿ. ಸಂಬಳದ ಚೀಟಿ ಇಲ್ಲದ ನಮಗೆ ಅದೇ ಸಂಬಳದ ಚೀಟಿ. ಕಂಪನಿಯವರು ಹೆಚ್ಚಾಗಿ ಹಿಡಿದ ತೆರಿಗೆಯೂ ಅದರಿಂದಲೇ ವಾಪಸ್ ಬರುತ್ತದೆ.

ನಾಲ್ಕು, ಒಳ್ಳೆಯ ತಿಂಗಳಲ್ಲಿ ಕೆಟ್ಟ ತಿಂಗಳಿಗೆ ಎತ್ತಿಡಿ. ಆರು ತಿಂಗಳ ಮನೆ ಖರ್ಚು ಕೈಯಲ್ಲಿದ್ದರೆ ಬೇಡದ ಕೆಲಸಕ್ಕೆ "ಇಲ್ಲ" ಎನ್ನುವ ಧೈರ್ಯ ಬರುತ್ತದೆ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. "ಯಾವ ಕಂಪನಿ?" ಎಂದು ಕೇಳುವ ಬದಲು "ಬರೆದುಕೊಂಡೆಯಾ? ಅಡ್ವಾನ್ಸ್ ಬಂತಾ?" ಎಂದು ಕೇಳಿ. ಮಗಳು ಮನೆಯಿಂದ ಕೆಲಸ ಮಾಡುವುದಾದರೆ ಬ್ಯಾಂಕ್ ಖಾತೆ ಅವಳ ಹೆಸರಿನಲ್ಲೇ ಇರಲಿ. ಅವಳ ಕೆಲಸದ ಹೊತ್ತನ್ನು ಮನೆಯವರು ಕೆಲಸದ ಹೊತ್ತೆಂದೇ ತಿಳಿಯಲಿ.

ದಾನಿಗಳಲ್ಲಿ ಸಂಕೋಚದಿಂದಲೇ ಒಂದು ಮಾತು. ನಿಮ್ಮ ಅಂಗಡಿ, ಶಾಲೆ, ಮಂಡಿಗೆ ಸಾಫ್ಟ್‌ವೇರ್ ಬೇಕಾದಾಗ ಈ ಮಕ್ಕಳನ್ನು ಕರೆಯಿರಿ. ಆದರೆ "ನಮ್ಮ ಹುಡುಗ ತಾನೇ, ನಮ್ಮ ಹುಡುಗಿ ತಾನೇ" ಎಂದು ಪುಕ್ಕಟೆ ಕೇಳಬೇಡಿ. ನನ್ನ ಮೂವತ್ತೈದು ಸಾವಿರ ಮುಳುಗಿದ್ದು ಆ ಸಲುಗೆಯಲ್ಲೇ. ನೀವು ಕೊಡುವ ವಿದ್ಯಾರ್ಥಿವೇತನ ಒಂದು ವರ್ಷ ಓದಿಸುತ್ತದೆ. ಮಾತಾಡಿದ ದಿನಕ್ಕೆ ಸಲ್ಲುವ ಒಂದು ಬಿಲ್ಲು, ದುಡಿದು ಬದುಕಬಹುದು ಎಂಬ ನಂಬಿಕೆ ಕೊಡುತ್ತದೆ.

ಈ ಟ್ರಸ್ಟಿನ ಋಣ ನನ್ನ ಮೇಲಿದೆ. ಒಪ್ಪಂದದ ಪುಟ ಬರೆಯಲು ಯಾರಿಗೆ ಸಹಾಯ ಬೇಕಿದ್ದರೂ ಕಾರ್ಯಕ್ರಮ ಮುಗಿದ ಮೇಲೆ ಬನ್ನಿ, ಕೂತು ಬರೆಯೋಣ. ಅಲ್ಲಾಹನು ನಮ್ಮೆಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ.