ನಮ್ಮ ಹಿತ್ತಲಿನ ಬಾಳೆಗಳು



ಮುಧೋಳದ ಹೆಸರನ್ನೆತ್ತಿದೊಡನೆ ಅದು ರನ್ನಕವಿಯ ಹುಟ್ಟೂರೆಂದು ತಮ್ಮಲ್ಲಿ ಕೆಲವರು ನೆನೆಯುವಿರಿ. ಬೇಟೆನಾಯಿಗಳ ಊರೆಂದು ಇನ್ನು ಹಲವರು ನೆನೆಯುವಿರಿ. ಬಾಳೆಗಾಗಿ ಅದನ್ನು ನೆನೆಯುವವರು ಇರಲಾರರು. ಘಟಪ್ರಭೆಯ ಸನಿಹದಲ್ಲಿದ್ದರೂ ನಮ್ಮದು ಮಳೆ ಅಲ್ಪವಾದ, ಬಿಸಿಲು ಪ್ರಖರವಾದ ನಾಡು. ನೀರು ದೊರೆತಲ್ಲಿ ರೈತನು ಮೊದಲು ಕಬ್ಬನ್ನೇ ಹಾಕುವನು. ಆದರೂ ಬಚ್ಚಲ ನೀರು ಹರಿದುಹೋಗುವ ಹಿತ್ತಲ ಮೂಲೆಯಲ್ಲಿ ನಾಲ್ಕು ಬಾಳೆಗಿಡಗಳಿಲ್ಲದ ಹಳೆಯ ಮನೆ ನಮ್ಮಲ್ಲಿ ವಿರಳ.

ಕೆಲವು ವರ್ಷಗಳ ಕೆಳಗೆ ಅಂತಹ ಮೂಲೆಯೊಂದರಲ್ಲಿ ನಾನು ನಾಲ್ಕು ಜಾತಿಯ ಬಾಳೆಗಳನ್ನು ಒಂದೇ ಸಾಲಿನಲ್ಲಿ ನೆಟ್ಟೆನು: ಈಗ ಪೇಟೆಯನ್ನೆಲ್ಲ ಆಕ್ರಮಿಸಿರುವ, ಪಚ್ಚಬಾಳೆಯ ಕುಲದ ಜಿ-೯, ಏಲಕ್ಕಿಬಾಳೆ, ನಮ್ಮ ಕಡೆಯವರು ಜವಾರಿಯೆಂದು ಕರೆಯುವ ರಾಜಾಪುರಿ, ಮತ್ತು ಮೈಸೂರು ಸೀಮೆಯಿಂದ ಬಹು ಆಸೆಯಿಂದ ತಂದ ರಸಬಾಳೆ. ಇದನ್ನು ಪ್ರಯೋಗವೆಂದು ಕರೆಯಲು ಸಂಕೋಚವಾಗುವುದು. ಬಚ್ಚಲಿಗೆ ಸಮೀಪದ ಗಿಡವು ಯಥೇಚ್ಛವಾಗಿ ಕುಡಿಯಿತು. ಕೊನೆಯದಕ್ಕೆ ಉಳಿದದ್ದೇ ಪ್ರಸಾದ. ಆದುದರಿಂದ ನನ್ನ ತೀರ್ಪನ್ನು ತಾವು ಒಂದು ಹಿತ್ತಲಿನ ತೀರ್ಪೆಂದೇ ಭಾವಿಸಬೇಕು.

ಈ ಜಾತಿಗಳ ಸ್ವಭಾವಭೇದಕ್ಕೆ ವಂಶವೂ ಒಂದು ಕಾರಣ. ನಾವು ತಿನ್ನುವ ಬಾಳೆಗಳಲ್ಲಿ ಬಹುತೇಕ ಎಲ್ಲವೂ ಅಕ್ಯುಮಿನಾಟ, ಬಾಲ್ಬಿಸಿಯಾನ ಎಂಬ ಎರಡು ಕಾಡುಬಾಳೆಗಳ ಸಂತತಿಯೆಂದು ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿದ್ವಾಂಸರು ೧೯೫೫ರಲ್ಲಿ ವಿಂಗಡಿಸಿ ತೋರಿಸಿದರು. ಪಚ್ಚಬಾಳೆಯ ಕುಲದಲ್ಲಿರುವುದು ಮೊದಲನೆಯದರ ಅಂಶ ಮಾತ್ರ. ಉಳಿದ ಮೂರರಲ್ಲಿ ಎರಡರ ಬೆರಕೆಯೂ ಉಂಟು. ಬರವನ್ನು ತಾಳುವ ಗುಣವು ಎರಡನೆಯ ಪೂರ್ವಜನಿಂದ ಬಂದುದೆನ್ನುವರು. ನಮ್ಮ ಚೈತ್ರ ವೈಶಾಖಗಳಲ್ಲಿ ಜಿ-೯ರ ಎಲೆಗಳು ಮಧ್ಯಾಹ್ನಕ್ಕೆ ಮಡಚಿಕೊಂಡು ನಿಂತಿರುವಾಗ ಪಕ್ಕದ ರಾಜಾಪುರಿಯು ನಿಶ್ಚಿಂತವಾಗಿ ನಿಂತಿರುತ್ತಿತ್ತು.

ಆದರೂ ಜಿ-೯ರ ಗೊನೆಯೇ ಎಲ್ಲಕ್ಕಿಂತ ದೊಡ್ಡದು, ಮೊದಲು ಬಂದುದೂ ಅದೇ. ಮನೆಯಲ್ಲಿ ಹಣ್ಣಿಗೆ ಹಾಕಿದಾಗ ಮಾತ್ರ ಒಂದು ಚಮತ್ಕಾರವಾಯಿತು: ತಿರುಳು ಮೆತ್ತಗಾಯಿತು, ಸಿಪ್ಪೆ ಹಸಿರಾಗಿಯೇ ಉಳಿಯಿತು. ಕಾಯಿಯೆಂದು ತಿಳಿದು ಬಿಟ್ಟವರು ಮರುದಿನ ಕೊಳೆತುದನ್ನು ಕಂಡರು. ಗಿಡದ ದೋಷ ಇದರಲ್ಲಿ ಏನೂ ಇಲ್ಲ. ೨೪-೨೫ ಡಿಗ್ರಿಗಿಂತ ಹೆಚ್ಚಿನ ಸೆಖೆಯಲ್ಲಿ ಈ ಕುಲದ ಹಣ್ಣಿನ ಹಸಿರು ಪೂರ್ತಿಯಾಗಿ ಕರಗುವುದಿಲ್ಲ. ಪೇಟೆಯಲ್ಲಿ ಕಾಣುವ ಹೊಂಬಣ್ಣವು ತಂಪು ಕೋಣೆಯಲ್ಲಿ ಎಥಿಲೀನ್ ವಾಯು ಹಾಯಿಸಿ ಬರಿಸಿದ್ದು. ಮುಧೋಳದ ಬೇಸಿಗೆಯಲ್ಲಿ ಆ ಬಣ್ಣವನ್ನು ಹಿತ್ತಲಿನವನು ನಿರೀಕ್ಷಿಸಬಾರದು.

ಏಲಕ್ಕಿಯ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಹಣ್ಣು ಸಣ್ಣದು, ಸಿಪ್ಪೆ ತೆಳುವು, ಮಾಧುರ್ಯ ಪ್ರಸಿದ್ಧ. ಮಕ್ಕಳಿರುವ ಮನೆಯಲ್ಲಿ ಗೊನೆ ಎರಡು ದಿನ ನಿಲ್ಲದು.

ರಾಜಾಪುರಿಯನ್ನು ಹೊಗಳುವುದು ನಮ್ಮವರಿಗೆ ಅಭ್ಯಾಸವಿಲ್ಲ, ಮನೆಯ ಹಿರಿಯ ಸೊಸೆಯನ್ನು ಹೊಗಳದಂತೆ. ಗಿಡ ಗಿಡ್ಡ, ಕಾಂಡ ದಪ್ಪ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಜಿ-೯ಕ್ಕೆ ಊರೆ ಕೊಡಬೇಕಾಯಿತು, ಇದಕ್ಕೆ ಬೇಕಾಗಲಿಲ್ಲ. ಎಲೆ ಅಗಲವಾದುದರಿಂದ ಹಬ್ಬದ ದಿನ ನೆರೆಯವರೂ ಬಂದು ಕೊಯ್ದುಕೊಳ್ಳುವರು. ಅರಭಾವಿಯ ತೋಟಗಾರಿಕೆ ಕಾಲೇಜಿನವರು ಈ ಜಾತಿಯ ಮೇಲೆ ಅಭ್ಯಾಸ ನಡೆಸಿರುವರೆಂಬುದನ್ನು ತಿಳಿದ ಮೇಲೆಯೇ ನನಗೂ ಇದರಲ್ಲಿ ಗೌರವ ಹುಟ್ಟಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುವೆನು.

ಇನ್ನು ರಸಬಾಳೆ. ಹದಿನೈದು ತಿಂಗಳು ಕಾಯಿಸಿ ಅದು ಮೊದಲ ಗೊನೆ ಕೊಟ್ಟಿತು. ಹಣ್ಣು ಕಳಿತು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಮೂಡಿದಾಗ ಅದರ ಪರಿಮಳವು ಪಡಸಾಲೆಯವರೆಗೆ ಬಂದಿತು. ನಾಲ್ಕು ಹಣ್ಣುಗಳನ್ನೂ ಒಂದೇ ತಟ್ಟೆಯಲ್ಲಿಟ್ಟು ರುಚಿ ನೋಡಿದೆವು. ಅವ್ವನು ಎರಡನೆಯ ತುತ್ತಿಗೆ ಮಿಕ್ಕ ಮೂರನ್ನೂ ಬದಿಗೆ ಸರಿಸಿದಳು. ನೆರೆಮನೆಯ ಕಾಕಾ ತಿಂದು, "ತಮ್ಮಾ, ಇದರ ಒಂದು ಮರಿ ನನಗೂ ಕೊಡಪಾ" ಎಂದರು. ನಾನು ಹೆಮ್ಮೆಯಿಂದ ಒಂದು ಕಂದನ್ನು ಅಗೆದು ಕೊಟ್ಟೆನು.

ಮುಂದಿನ ವರ್ಷ ನನ್ನ ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಕಾಂಡದ ಸುತ್ತ ಜೋತುಬಿದ್ದವು. ನೀರು ಸಾಲದೆಂದು ಇನ್ನಷ್ಟು ನೀರು ಹಾಯಿಸಿದೆನು. ಕೊನೆಗೆ ಕಾಂಡವನ್ನು ಕಡಿದು ನೋಡಿದರೆ ಒಳಗೆ ಕೆಂಗಂದು ಬಣ್ಣದ ಗೆರೆಗಳು. ಅದು ಪನಾಮಾ ಸೊರಗುರೋಗ. ಮಧ್ಯ ಅಮೆರಿಕದ ತೋಟಗಳಲ್ಲಿ ಗ್ರೋ ಮಿಶೆಲ್ ಎಂಬ ಜಾತಿಯ ವ್ಯಾಪಾರವನ್ನೇ ೧೯೬೦ರ ಸುಮಾರಿಗೆ ಮುಗಿಸಿದ್ದೂ, ನಂಜನಗೂಡಿನ ಸುತ್ತ ರಸಬಾಳೆಯ ತೋಟಗಳನ್ನು ಕುಗ್ಗಿಸಿದ್ದೂ ಇದೇ ಶಿಲೀಂಧ್ರ. ನಂಜನಗೂಡಿನ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಮಾನ್ಯತೆಯು ಬೇರಿಗೆ ಔಷಧವಾಗದು. ಮಣ್ಣಿನಲ್ಲಿ ಅದು ದಶಕಗಳ ಕಾಲ ಬದುಕಿರುವುದು. ನೀರಿನೊಡನೆ ಹರಿಯುವುದು, ಸಲಿಕೆಗಂಟಿದ ಮಣ್ಣಿನೊಡನೆ ಹೋಗುವುದು. ಎಲ್ಲಕ್ಕಿಂತ ಸುಲಭವಾಗಿ, ಚೆನ್ನಾಗಿಯೇ ಕಾಣುವ ಕಂದಿನೊಡನೆ ಪಯಣಿಸುವುದು. ನಾವು ತಿನ್ನುವ ಬಾಳೆಗೆ ಬೀಜವಿಲ್ಲವಷ್ಟೆ; ಕೈಯಿಂದ ಕೈಗೆ ಕಂದು ದಾಟಿಯೇ ಜಾತಿ ಉಳಿಯಬೇಕು, ರೋಗವೂ ಅದೇ ದಾರಿಯನ್ನು ಹಿಡಿಯುವುದು.

ಕಾಕಾ ಅವರ ಗಿಡವು ಗೊನೆ ಹಾಕದೆಯೇ ಸತ್ತಿತು. ಹೋಗಿ ಕಾರಣವನ್ನು ಹೇಳುವುದಕ್ಕೆ ನನಗೆ ಎಂಟು ದಿನಗಳು ಬೇಕಾದವು. ಅವರು ಕೋಪಿಸಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ರಸಬಾಳೆಯ ಗಡ್ಡೆಯನ್ನು ಅಗೆದು ಅಲ್ಲಿಯೇ ಸುಟ್ಟೆನು. ಬಚ್ಚಲ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಿದೆನು. ಉಳಿದ ಮೂರು ಜಾತಿಗಳು ಈವರೆಗೆ ಸುಖವಾಗಿವೆ. ಏಲಕ್ಕಿಗೆ ಈ ರೋಗದ ಭಯ ಇಲ್ಲದಿಲ್ಲ, ಪಚ್ಚಬಾಳೆಯ ಕುಲವನ್ನೂ ಹಿಡಿಯುವ ಹೊಸ ಬಗೆಯೊಂದು ನಮ್ಮ ದೇಶಕ್ಕೂ ಬಂದಿರುವುದು. ರಾಜಾಪುರಿಯ ಸೊಂಪಾದ ಕಂದುಗಳನ್ನು ಕಂಡು ಬೀದಿಯವರು ಕೇಳುವರು. ಅದೇ ಮಣ್ಣಿನದಾದುದರಿಂದ ಒಂದನ್ನೂ ಕೊಡೆನು. ಜಿಪುಣನೆಂಬ ಹೆಸರು ಬಂದಿದೆ. ಕಳೆದ ಶ್ರಾವಣದಲ್ಲಿ ಕಾಕಾ ಅವರೇ ಬೇಲಿಯಾಚೆಯಿಂದ ಕೂಗಿದರು: "ತಮ್ಮಾ, ಮರಿ ಬ್ಯಾಡ, ಹಣ್ಣು ಕಳಸು." ಹಣ್ಣಿನಿಂದ ಅಂತಹ ಅಪಾಯವಿಲ್ಲ. ಜವಾರಿಯ ಪ್ರತಿಯೊಂದು ಗೊನೆಯಿಂದಲೂ ಮೇಲಿನ ಚಿಪ್ಪು ಈಗ ಅವರ ಮನೆಗೆ ಹೋಗುತ್ತದೆ.