ರಾಜ್ಯಾಂಗ ರಚನೆಯಲ್ಲಿ ರಾಜಿಯ ಧರ್ಮ





1946ರ ಡಿಸೆಂಬರ್ 9ರಂದು ಮೊದಲು ಸಮಾವೇಶಗೊಂಡು 1949ರ ನವೆಂಬರ್ 26ರಂದು ರಾಜ್ಯಾಂಗವನ್ನು ಅಂಗೀಕರಿಸಿದ ನಮ್ಮ ರಾಜ್ಯಾಂಗ ಸಭೆಯ ಮುಂದೆ 7,635 ತಿದ್ದುಪಡಿಗಳು ಸೂಚಿತವಾಗಿ, ಅವುಗಳಲ್ಲಿ 2,473 ಮಂಡಿತವಾದುವು. ಇಷ್ಟು ಭಿನ್ನಾಭಿಪ್ರಾಯಗಳ ನಡುವೆ ರಾಜಿಯಿಲ್ಲದೆ ಒಂದು ರಾಜ್ಯಾಂಗ ಹುಟ್ಟಲಾರದು. ರಾಜಿಯನ್ನು ದೌರ್ಬಲ್ಯವೆಂದು ಹಳಿಯುವವರುಂಟು, ವಿವೇಕವೆಂದು ಕೊಂಡಾಡುವವರೂ ಉಂಟು. ನನ್ನ ಮಟ್ಟಿಗೆ, ಯಾವ ರಾಜಿಯನ್ನಾದರೂ ತೂಗಿನೋಡತಕ್ಕ ಪ್ರಶ್ನೆಗಳು ಎರಡು: ಅದರ ಬೆಲೆಯನ್ನು ತೆತ್ತವರು ಯಾರು? ಮುಂದೆ ಅದನ್ನು ತಿದ್ದಿಕೊಳ್ಳುವುದಕ್ಕೆ ದಾರಿ ಉಳಿಯಿತೆ?

1787ರಲ್ಲಿ ಫಿಲಡೆಲ್ಫಿಯದಲ್ಲಿ ನೆರೆದ ಅಮೆರಿಕದ ರಾಜ್ಯಾಂಗಕರ್ತರು ಪ್ರಾತಿನಿಧ್ಯದ ಗಣನೆಯಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಲು ಒಪ್ಪಿದರು. ಗುಲಾಮರ ಆಮದನ್ನು 1808ರವರೆಗೆ ನಿಷೇಧಿಸಕೂಡದೆಂದು ವಿಧಿಸಿದ್ದಲ್ಲದೆ, ಆ ವಿಧಿಯನ್ನು ಅಷ್ಟರೊಳಗೆ ತಿದ್ದಕೂಡದೆಂದೂ ಕಟ್ಟು ಹಾಕಿದರು. ರಾಜಿ ಮಾಡಿಕೊಂಡವರು ಸಭೆಯೊಳಗಿದ್ದರು. ಅದರ ಬೆಲೆಯನ್ನು ತೆತ್ತವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆ ಋಣ ತೀರುವ ಮುನ್ನ 1861ರಿಂದ ನಾಲ್ಕು ವರ್ಷಗಳ ಅಂತರ್ಯುದ್ಧ ನಡೆಯಬೇಕಾಯಿತು.

ನಮ್ಮ ರಾಜ್ಯಾಂಗ ಸಭೆಯ ಭಾಷಾವಿವಾದವನ್ನು ಇದರೊಡನೆ ಹೋಲಿಸಿ ನೋಡೋಣ. 1949ರ ಸೆಪ್ಟೆಂಬರ್ 12ರಿಂದ ಮೂರು ದಿನ ನಡೆದ ಚರ್ಚೆಯಲ್ಲಿ ಅಂಕಿಗಳ ಆಕಾರದ ಮೇಲೆಯೇ ಸಭೆ ಕಾವೇರಿತ್ತು. ಕೊನೆಗೆ ಸದಸ್ಯರಾದ ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ಯರ ಸೂತ್ರದಂತೆ ದೇವನಾಗರಿಯ ಹಿಂದಿ ಒಕ್ಕೂಟದ ಆಡಳಿತಭಾಷೆಯಾಯಿತು. ಅಂಕಿಗಳು ಅಂತರರಾಷ್ಟ್ರೀಯ ರೂಪದಲ್ಲಿ ಉಳಿದುವು. ಇಂಗ್ಲಿಷಿಗೆ 15 ವರ್ಷಗಳ ಅವಧಿ ದೊರೆತು, ಆಮೇಲೆಯೂ ಅದನ್ನು ಮುಂದುವರಿಸುವ ಅಧಿಕಾರ ಪಾರ್ಲಿಮೆಂಟಿಗೆ ಬಂದಿತು. ಕನ್ನಡವೂ ಸೇರಿದಂತೆ 14 ಭಾಷೆಗಳು ಎಂಟನೆಯ ಅನುಸೂಚಿಯಲ್ಲಿ ಸ್ಥಾನ ಪಡೆದುವು. ಯಾರಿಗೂ ಪೂರ್ಣ ತೃಪ್ತಿಯಾಗಲಿಲ್ಲ. ಆದರೆ ಬಿಟ್ಟುಕೊಟ್ಟವರೆಲ್ಲರೂ ಆ ಸಭೆಯಲ್ಲಿ ಕುಳಿತು ತಮ್ಮ ವಾದವನ್ನು ಹೇಳಿದವರು, ಬಿಟ್ಟುಕೊಟ್ಟದ್ದನ್ನು ಮತ್ತೆ ಕೇಳುವ ಅವಕಾಶವನ್ನು ಉಳಿಸಿಕೊಂಡವರು. 1963ರ ಆಡಳಿತಭಾಷಾ ಶಾಸನವೂ 1967ರ ಅದರ ತಿದ್ದುಪಡಿಯೂ ಆ ಅವಕಾಶದಿಂದಲೇ ಸಾಧ್ಯವಾದುವು.

ಎಲ್ಲ ರಾಜಿಗಳೂ ಈ ಪರೀಕ್ಷೆಯಲ್ಲಿ ಇಷ್ಟು ಸುಲಭವಾಗಿ ಗೆಲ್ಲುವುದಿಲ್ಲ. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಗಳ ವಿಷಯದಲ್ಲಿ, ಅವನ್ನು ಕಸಿಯುವ ಕಾನೂನೇ ನ್ಯಾಯಯುತವಾಗಿದೆಯೆ ಎಂದು ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕಿರಬೇಕೆಂಬ ಅಭಿಪ್ರಾಯವೇ 1947ರಲ್ಲಿ ಸಭೆಗೆ ಒಪ್ಪಿಗೆಯಾಗಿತ್ತು. ಆದರೆ ದಕ್ಷಿಣ ಕನ್ನಡದ ಮನೆತನದವರೂ ಸಭೆಯ ಸಲಹೆಗಾರರೂ ಆದ ಬೆನಗಲ್ ನರಸಿಂಗ ರಾಯರು ಆ ವರ್ಷದ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿದಾಗ, ಅಂಥ ಅಧಿಕಾರವು ಸಮಾಜಸುಧಾರಣೆಯ ಶಾಸನಗಳಿಗೆ ಅಡ್ಡಿಯಾದೀತೆಂಬ ಎಚ್ಚರಿಕೆ ದೊರೆಯಿತು. ನ್ಯೂಯಾರ್ಕಿನ ಬೇಕರಿ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 10 ಗಂಟೆಗಳಿಗೆ ಮಿತಿಗೊಳಿಸಿದ್ದ ಶಾಸನವನ್ನು ಅಂಥ ಅಧಿಕಾರದಿಂದಲೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1905ರಲ್ಲಿ ರದ್ದುಪಡಿಸಿದ್ದಿತಷ್ಟೆ. ಕರಡು ಸಮಿತಿ ಆ ರಕ್ಷೆಯನ್ನು ಕೈಬಿಟ್ಟಿತು. ಕಾನೂನು ಹೇಳಿದ ಕ್ರಮವನ್ನು ಅನುಸರಿಸಿದರೆ ಸಾಕೆಂದು ಬರೆಯಿತು. 1948ರ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನರು ಹಳೆಯ ರಕ್ಷೆಯನ್ನು ಮರಳಿಸಲು ತಿದ್ದುಪಡಿ ತಂದರು. ಕರಡು ಸಮಿತಿಯ ಸದಸ್ಯರಾಗಿದ್ದೂ ಮುನ್ಷಿಯವರು ಅದನ್ನು ಬೆಂಬಲಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ವಿರೋಧಿಸಿದರು. ಡಾಕ್ಟರ್ ಅಂಬೇಡ್ಕರರು ಎರಡು ಪಕ್ಷಗಳ ಅಪಾಯಗಳನ್ನೂ ಸಮತೂಕದಿಂದ ವಿವರಿಸಿ ನಿರ್ಣಯವನ್ನು ಸಭೆಗೇ ಬಿಟ್ಟರು. ತಿದ್ದುಪಡಿ ಬಿದ್ದುಹೋಯಿತು.

ಇಲ್ಲಿ ಬೆಲೆ ತೆರಬೇಕಾಗಿದ್ದವನು ಸಭಾಸದನಲ್ಲ, ಮುಂದೆಂದೋ ಸೆರೆಗೆ ಬೀಳಲಿರುವ ಅನಾಮಧೇಯ ಪ್ರಜೆ. ಈ ಲೋಪವನ್ನು ಮನಗಂಡ ಅಂಬೇಡ್ಕರರು 1949ರ ಸೆಪ್ಟೆಂಬರಿನಲ್ಲಿ, ಹಿಂದಿನ ನಿರ್ಣಯಕ್ಕೆ ಪರಿಹಾರವೆಂಬಂತೆ, ಇಂದಿನ 22ನೆಯ ವಿಧಿಯನ್ನು ತಂದರು. ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ತನಗೆ ಬೇಕಾದ ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದೇ ವಿಧಿಯಲ್ಲಿ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೂ ಎಡೆಯಿದ್ದಿತಾದ್ದರಿಂದ ಪರಿಹಾರ ಅರ್ಧಕ್ಕೇ ನಿಂತಿತೆಂದು ನಾವು ಒಪ್ಪಿಕೊಳ್ಳಲೇಬೇಕು. ಉಳಿದರ್ಧದ ಒಂದಂಶವನ್ನು 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು ತುಂಬಿತು. ಕಾನೂನು ಹೇಳುವ ಕ್ರಮವೂ ನ್ಯಾಯಸಮ್ಮತವಾಗಿರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ದಾರಿ ಉಳಿದಿದ್ದಿತು, ನಿಜ. ಆದರೆ ಅದನ್ನು ಕ್ರಮಿಸಲು 28 ವರ್ಷಗಳು ಹಿಡಿದುವು, ಆ ವರ್ಷಗಳ ಭಾರವನ್ನು ಹೊತ್ತವರು ಸೆರೆಯಾಳುಗಳು.

ಆದುದರಿಂದ ಸಂಸ್ಥಾಪಕರ ಕೃತಿಯನ್ನು ಗೌರವಿಸುವುದೆಂದರೆ ಅದನ್ನು ಪೂಜಿಸುವುದಲ್ಲ. ಅವರು ಯಾವ ಮಾತನ್ನು ಯಾರಿಗಾಗಿ ಬಿಟ್ಟುಕೊಟ್ಟರೆಂಬುದನ್ನು ಚರ್ಚೆಗಳ ಪುಟಪುಟಗಳಲ್ಲಿ ಓದಿ ತಿಳಿಯುವುದು. ಇಂದು ಒಂದು ಮಸೂದೆ ಬರಲಿ, ಒಂದು ತಿದ್ದುಪಡಿ ಬರಲಿ, ಅದಕ್ಕೆ ಒಮ್ಮತವಿದೆಯೆಂಬ ಮಾತಿಗೆ ತಲೆದೂಗುವ ಮುನ್ನ, ಆ ಒಮ್ಮತದಲ್ಲಿ ದನಿಯಿಲ್ಲದೆ ಬೆಲೆಯನ್ನು ಮಾತ್ರ ತೆರುವವರು ಯಾರೆಂದು ಕೇಳುವ ಅಭ್ಯಾಸ ನಮ್ಮ ಪ್ರಜೆಗಳಲ್ಲಿ ಬೇರೂರಬೇಕು. ಈ ದತ್ತಿ ಉಪನ್ಯಾಸದ ಉದ್ದೇಶ ಲೋಕಶಿಕ್ಷಣವಾದರೆ, ಆ ಶಿಕ್ಷಣದ ಮೊದಲ ಪಾಠ ಇದೇ ಆಗತಕ್ಕದ್ದೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.